ಕೀಲಿಮಣೆಯಲ್ಲಿ ರೞ ಮತ್ತು ಶಕಟರೇಫ

ಬೆಂಗಳೂರಿನ ಉತ್ತರದಂಚಿನ ಅಬ್ಬಿಗೆರೆಯ ಹೆಸರಿನಲ್ಲಿರುವ ‘ಕೆರೆ’ ಹಳಗನ್ನಡದಲ್ಲಿ ‘ಕೆಱೆ’. ಅಲ್ಲಿಂದ ಆಗ್ನೇಯಕ್ಕಿರುವ ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ ಕಿತ್ತಯ್ಯನ ವೀರಗಲ್ಲು ಗಂಗ ದೊರೆ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದು, ಅದರಲ್ಲಿ ಉಲ್ಲೇಖಗೊಂಡಿರುವ ಸೀಮೆ ಪೆರ್ಬೊೞಲ್ ನಾಡು. ‘ಪೊೞಲ್’ ಎಂದರೆ ಪಟ್ಟಣ. ಒಂದು ಊರಿನ ಹೆಸರಿನಲ್ಲಿ ಶಕಟರೇಫ, ಮತ್ತೊಂದು ಊರಿನ ಹಳೆಯ ಹೆಸರಿನಲ್ಲಿ ರೞ! ಇವೆರಡೂ ಇಂದಿನ ವರ್ಣಮಾಲೆಯಲ್ಲಿಲ್ಲ. ಲ್ಯಾಪ್‌ಟಾಪಿನ ಕೀಲಿಗಳ ಮೇಲಂತೂ ಅಚ್ಚಾಗಿಲ್ಲ.

ಇದು ಕೇವಲ ಲಿಪಿಯ ಅಲಂಕಾರದ ಪ್ರಶ್ನೆಯಲ್ಲ. ‘ಬಾಳ್’ ಖಡ್ಗ, ‘ಬಾೞ್’ ಬದುಕು. ‘ಅರಿ’ ಕತ್ತರಿಸು, ‘ಅಱಿ’ ತಿಳಿ. ದ್ವಿತೀಯಾಕ್ಷರ ಪ್ರಾಸವನ್ನು ಪಾಲಿಸಿದ ಚಂಪೂ ಕವಿಗಳ ಪದ್ಯಗಳಲ್ಲಿ ೞಕಾರವು ೞಕಾರಕ್ಕೇ ಹೊಂದುವುದರಿಂದ, ಪಾಠಪರಿಷ್ಕರಣಕ್ಕೆ ಈ ಅಕ್ಷರಗಳೇ ಸಾಕ್ಷಿ. 13ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಕ್ಷಳ, ಕುಳ, ರಳಗಳನ್ನು ಬೇರ್ಪಡಿಸಿ ೞಕಾರದ ಶಬ್ದಗಳನ್ನು ಪಟ್ಟಿಮಾಡಬೇಕಾಯಿತು. ಬಾಯಲ್ಲಿ ಉಳಿದಿದ್ದರೆ ಪಟ್ಟಿಯೇಕೆ? ಆ ವೇಳೆಗೆ ಗೊಂದಲ ಆವರಿಸಿತ್ತೆಂದೇ ತಿಳಿಯಬೇಕು. ಕಿಟ್ಟೆಲರ 1894ರ ನಿಘಂಟು ಎರಡನ್ನೂ ಅಚ್ಚುಮೊಳೆಗಳಲ್ಲಿ ಕಾಪಾಡಿತು.

ಗಣಕಯಂತ್ರದಲ್ಲಿ ಕಥೆ ವಕ್ರವಾಯಿತು. ಯೂನಿಕೋಡ್‌ಗೆ ಮುನ್ನ ಅಕ್ಷರಗಳು ಆಯಾ ಫಾಂಟಿನ ತುಂಡುಗಳಾಗಿ ಸಂಗ್ರಹವಾಗುತ್ತಿದ್ದವು. ಬೇರೆ ಫಾಂಟಿನಲ್ಲಿ ತೆರೆದರೆ ಪದ್ಯವೆಲ್ಲ ಕಲಸುಮೇಲೋಗರ. ಯೂನಿಕೋಡ್ ಎರಡಕ್ಕೂ ಸ್ಥಾನ ಕೊಟ್ಟಿತು, ಆದರೆ ೞಕಾರಕ್ಕೆ ‘ಕನ್ನಡ ಅಕ್ಷರ ಫಾ’ ಎಂಬ ತಪ್ಪು ಹೆಸರು ನಮೂದಾಯಿತು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಆ ಸಂಸ್ಥೆಯ ನಿಯಮ. ಆದ್ದರಿಂದ ತಪ್ಪು ಹಾಗೆಯೇ ಉಳಿದು, ಪಕ್ಕದಲ್ಲಿ ತಿದ್ದುಪಡಿಯ ಪರ್ಯಾಯ ನಾಮವಷ್ಟೇ ಸೇರಿತು. ಸಾವಿರ ವರ್ಷದ ಅಕ್ಷರಕ್ಕೆ ಇಂತಹ ನಾಮಕರಣ! ಜಿಹ್ವಾಮೂಲೀಯ, ಉಪಧ್ಮಾನೀಯಗಳಿಗೆ 2006ರಲ್ಲೂ, ನಕಾರಪೊಲ್ಲಿಗೆ 2021ರಲ್ಲೂ ಸ್ಥಾನ ದೊರೆಯಿತು.

ವರ್ಡ್ ತಂತ್ರಾಂಶದಲ್ಲಿ ಇಂಗ್ಲಿಷ್ ಕೀಲಿಗಳಿಂದ ಸೊನ್ನೆ, ಸಿ, ಡಿ, ಇ ಎಂದು ಬರೆದು ಆಲ್ಟ್ ಹಾಗೂ ಎಕ್ಸ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ೞ ಮೂಡುತ್ತದೆ; ಸೊನ್ನೆ, ಸಿ, ಬಿ, ಒಂದು ಎಂದರೆ ಱ. ರೋಮನ್ ಲಿಪ್ಯಂತರದಲ್ಲಿ ಎಲ್ ಮತ್ತು ಆರ್ ಅಕ್ಷರಗಳ ಕೆಳಗೆ ಅಡ್ಡಗೆರೆ ಬೇಕು. ಕೆಳಗೆ ಚುಕ್ಕೆಯಿಟ್ಟ ಎಲ್ ಅನ್ನು ಬಳಸಿದರೆ ಅದು ಳಕಾರವಾಗುತ್ತದೆ.

ಸಂಶೋಧನ ಪ್ರಬಂಧಗಳಲ್ಲಿ ಅವಸರಕ್ಕೆ ‘ಬಾಳ್’ ಎಂದೇ ಬೆರಳಚ್ಚಾಗುವುದು ಸಾಮಾನ್ಯ. ಅಂತಹ ಕಡತದಲ್ಲಿ ಮುಂದೆ ಯಾರಾದರೂ ‘ಬಾೞ್’ ಎಂದು ಹುಡುಕಿದರೆ ಗಣಕಯಂತ್ರವು ಆ ಪದವೇ ಇಲ್ಲವೆನ್ನುತ್ತದೆ. ‘ಬಾಳ್’ ಎಂದು ಹುಡುಕಿದರೆ ಖಡ್ಗವನ್ನೂ ಬದುಕನ್ನೂ ಒಟ್ಟಿಗೆ ತಂದು ಮುಂದಿಡುತ್ತದೆ.