ಮಲಪ್ರಭೆ ದಂಡೆಯ ಗಂಗಾಳ

ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಎಂ.ಕೆ. ಹುಬ್ಬಳ್ಳಿಗೆ ಬರುವ ಹೊತ್ತಿಗೆ ಮಲೆನಾಡು ಹಿಂದೆ ಸರಿದು ಎರೆಭೂಮಿ ತೆರೆದುಕೊಂಡಿರುತ್ತದೆ. ಕಿತ್ತೂರಿನ ಪಡುವಣ ಹಳ್ಳಿಗಳಲ್ಲಿ ಭತ್ತ, ಬೈಲಹೊಂಗಲದ ಎರೆಹೊಲಗಳಲ್ಲಿ ಜೋಳ ಮತ್ತು ಹತ್ತಿ, ಸವದತ್ತಿ ದಾಟಿ ರಾಮದುರ್ಗದ ಕಡೆ ಹೋದಂತೆ ಮಳೆ ಇಳಿದು ಸಜ್ಜೆ. ಬೆಳೆ ಹೀಗೆ ಬದಲಾದರೂ ಸೀಮೆಯ ಬಹುಭಾಗಕ್ಕೆ ಊಟವೆಂದರೆ ಜೋಳದ ರೊಟ್ಟಿಯೇ.

ಉಳ್ಳವರ ಮನೆಯಲ್ಲಿ ರೊಟ್ಟಿ ಒಂಟಿಯಾಗಿ ಗಂಗಾಳಕ್ಕೆ ಬಿದ್ದದ್ದಿಲ್ಲ. ಹೆಸರು, ಮಡಿಕೆ, ಅಲಸಂದಿಯ ಕಾಳುಪಲ್ಯ, ಪುಂಡಿಪಲ್ಯ, ಝುಣಕ, ಗುರೆಳ್ಳು ಇಲ್ಲವೆ ಅಗಸಿ ಹಿಂಡಿ, ಹಸಿಯಾಗಿಯೇ ಕಡಿದು ತಿನ್ನುವ ಮೆಂತ್ಯ, ಹಕ್ಕರಕಿ, ಮೂಲಂಗಿ ತೊಪ್ಪಲು, ಮೇಲೆ ಮೊಸರೋ ಮಜ್ಜಿಗೆಯೋ. ಜೋಳದ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಮೈನೊ ಆಮ್ಲ ಕಡಿಮೆ. ಬೇಳೆಕಾಳುಗಳಲ್ಲಿ ಅದು ಧಾರಾಳ. ಎಣ್ಣೆಕಾಳಿನ ಹಿಂಡಿಯಿಂದ ಕೊಬ್ಬು, ಸೊಪ್ಪಿನಿಂದ ಜೀವಸತ್ವ, ಹಾಲು ಮೊಸರಿನಿಂದ ಸುಣ್ಣದಂಶ ಸಿಗುತ್ತಿದ್ದವು. ಇವುಗಳಲ್ಲಿ ಬಹಳಷ್ಟು ಬರುತ್ತಿದ್ದದ್ದು ಒಂದೇ ಹೊಲದಿಂದ. ಜೋಳದ ನಡುವೆ ಅಕ್ಕಡಿ ಸಾಲು ಬಿಟ್ಟು ತೊಗರಿ, ಅಲಸಂದಿ, ಹೆಸರು, ಪುಂಡಿ ಬಿತ್ತುವುದು ರೂಢಿ; ಹಕ್ಕರಕಿಯಂಥ ಸೊಪ್ಪು ಬಿತ್ತದೆಯೇ ಹುಟ್ಟುತ್ತಿತ್ತು. ಕೂಲಿಯ ಹೆಂಗಸರು ಸಂಜೆ ಉಡಿಯಲ್ಲಿ ಕಟ್ಟಿಕೊಂಡು ಬರುತ್ತಿದ್ದ ಆ ಸೊಪ್ಪೇ ಎಷ್ಟೋ ಬಡಮನೆಗಳ ಪಲ್ಯವಾಗಿತ್ತು.

ಈ ಜೋಡಣೆ ಕಳಚಿದರೆ ಏನಾಗುತ್ತದೆಂಬುದು 1876ರಲ್ಲಿ ಮಳೆ ಕೈಕೊಟ್ಟಾಗ ಕಂಡಿತು. ಆಗ ಬೈಲಹೊಂಗಲ ಸಂಪಗಾಂವ ತಾಲೂಕಿಗೆ, ಸವದತ್ತಿ ಪರಸಗಡ ತಾಲೂಕಿಗೆ ಸೇರಿ ಬಾಂಬೆ ಪ್ರಾಂತದಲ್ಲಿದ್ದವು. ರಾಮದುರ್ಗ ಪ್ರತ್ಯೇಕ ಸಂಸ್ಥಾನ. 1878ರವರೆಗೆ ನಡೆದ ಆ ಬರದಲ್ಲಿ ಬೆಳಗಾವಿ, ಧಾರವಾಡ, ಕಲಾದಗಿ ಜಿಲ್ಲೆಗಳು ತತ್ತರಿಸಿದವು. ಪರಿಹಾರದ ಖರ್ಚು ಇಳಿಸಲು ವೈಸರಾಯ್ ಲಿಟ್ಟನ್ ಕಳಿಸಿದ ರಿಚರ್ಡ್ ಟೆಂಪಲ್, ದಿನವಿಡೀ ದುಡಿಯುವ ಗಂಡಾಳಿಗೆ ಒಂದು ಪೌಂಡ್ ಧಾನ್ಯ, ಜೊತೆಗೆ ಒಂದು ಆಣೆ ಸಾಕೆಂದು 1877ರ ಆರಂಭದಲ್ಲಿ ನಿಗದಿ ಮಾಡಿದ. ಒಂದು ಪೌಂಡ್ ಎಂದರೆ ಸುಮಾರು 450 ಗ್ರಾಂ. ಅಷ್ಟು ಜೋಳದಿಂದ ಸಿಗುವ ಶಕ್ತಿ ಹೆಚ್ಚೆಂದರೆ 1,600 ಕ್ಯಾಲೊರಿ. ಕಲ್ಲು ಒಡೆದು ಮಣ್ಣು ಹೊರುವವನಿಗೆ ಅದು ಯಾತಕ್ಕೂ ಸಾಲದು. ಮದ್ರಾಸ್ ಪ್ರಾಂತದ ಆರೋಗ್ಯ ಕಮಿಷನರ್ ಡಾ. ಕಾರ್ನಿಷ್ ಇದನ್ನು ನೇರವಾಗಿ ವಿರೋಧಿಸಿದರು. ಕನಿಷ್ಠ ಒಂದೂವರೆ ಪೌಂಡ್ ಧಾನ್ಯ ಬೇಕು, ಅದರೊಡನೆ ಬೇಳೆ, ತರಕಾರಿಯೂ ಬೇಕು ಎಂಬುದು ಅವರ ವಾದ. ಮದ್ರಾಸಿನಲ್ಲಿ ಕೆಲವೇ ತಿಂಗಳಲ್ಲಿ ಧಾನ್ಯದ ಪ್ರಮಾಣ ಏರಿತು, ಒಂದಿಷ್ಟು ಬೇಳೆಯೂ ಸೇರಿತು. ಹೊಟ್ಟೆ ತುಂಬುವುದು ಬೇರೆ, ಮೈ ಪೋಷಿಸುವುದು ಬೇರೆ ಎಂಬ ತಿಳಿವು ಸರ್ಕಾರಿ ಕಡತಕ್ಕೆ ಹತ್ತಿದ್ದು ಅಸಂಖ್ಯ ಜೀವಗಳ ಬೆಲೆ ತೆತ್ತ ಮೇಲೆ.

ಬರ ಮುಗಿದರೂ ಬಡವರ ಗಂಗಾಳ ತುಂಬಲಿಲ್ಲ. ರೊಟ್ಟಿಗೆ ಖಾರ, ಉಪ್ಪು, ಉಳ್ಳಾಗಡ್ಡಿ ಬಿಟ್ಟರೆ ಬೇರೇನೂ ಕಾಣದ ಕೂಲಿಕಾರರಲ್ಲಿ ಪೆಲಾಗ್ರ ಎಂಬ ರೋಗ ಕಾಣಿಸಿಕೊಳ್ಳುತ್ತಿತ್ತು. ಬಿಸಿಲು ತಾಕುವ ಕುತ್ತಿಗೆ, ಮುಂಗೈ, ಪಾದದ ಚರ್ಮ ಕಪ್ಪಾಗಿ ಒಡೆಯುವುದು, ಭೇದಿ ಹಿಡಿಯುವುದು, ಕೊನೆಗೆ ಬುದ್ಧಿ ಭ್ರಮಿಸುವುದು ಅದರ ಲಕ್ಷಣ. ಜಗತ್ತಿನ ಉಳಿದ ಕಡೆ ಅದು ಮೆಕ್ಕೆಜೋಳ ತಿನ್ನುವವರ ರೋಗವೆಂದೇ ಹೆಸರಾಗಿತ್ತು. ದಖ್ಖನಿನಲ್ಲಿ ಬಿಳಿಜೋಳ ತಿನ್ನುವವರಿಗೂ ಬರುತ್ತಿದ್ದದ್ದು ವೈದ್ಯರಿಗೆ ಒಗಟು. ಹೈದರಾಬಾದಿನ ಪೋಷಣಾ ಪ್ರಯೋಗಾಲಯದ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ 1960ರಲ್ಲಿ ಒಂದು ವಿವರಣೆ ಮುಂದಿಟ್ಟರು. ಜೋಳದಲ್ಲಿ ಲ್ಯೂಸಿನ್ ಎಂಬ ಅಮೈನೊ ಆಮ್ಲ ಅತಿಯಾಗಿದ್ದು, ದೇಹ ನಯಾಸಿನ್ ಜೀವಸತ್ವವನ್ನು ತಯಾರಿಸಿ ಬಳಸುವುದಕ್ಕೆ ಅದು ಅಡ್ಡಿಯಾಗುತ್ತದೆ ಎಂದು. ಈ ವಿವರಣೆಯ ಬಗ್ಗೆ ಆಮೇಲೆ ಸಾಕಷ್ಟು ಚರ್ಚೆ ನಡೆದಿದೆ. ಕಾಳು, ಹಾಲು, ಮಾಂಸ ಸೇರಿದ ಊಟ ಸಿಕ್ಕವರಿಗೆ ಈ ರೋಗ ತಟ್ಟುತ್ತಿರಲಿಲ್ಲವೆಂಬುದರಲ್ಲಿ ಮಾತ್ರ ಚರ್ಚೆಗೆ ಎಡೆಯಿಲ್ಲ. ಜೋಳವನ್ನು ದೂರುವುದು ಸಲ್ಲದು. ರೊಟ್ಟಿಯ ಜೊತೆಗಾರರನ್ನು ಬಡತನ ಕಸಿದುಕೊಂಡಿತ್ತು.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ನೀರು ಬಂದು ಬೆಳೆ ಬದಲಾಯಿತು. ಸವದತ್ತಿ ಬಳಿಯ ನವಿಲುತೀರ್ಥದಲ್ಲಿ ಅಣೆಕಟ್ಟು ಎದ್ದಿತು, ಮೇಲ್ದಂಡೆಯಲ್ಲಿ ಹೊಳೆಯ ನೀರು ಪಂಪಿನ ಮೂಲಕ ಹೊಲಕ್ಕೆ ಏರಿತು, ಎಂ.ಕೆ. ಹುಬ್ಬಳ್ಳಿಯಲ್ಲಿ ಮಲಪ್ರಭಾ ಸಹಕಾರಿ ಸಕ್ಕರೆ ಕಾರ್ಖಾನೆ ನೆಲೆಯೂರಿತು. ಕಬ್ಬು ರೈತನ ಕೈಗೆ ರೊಕ್ಕ ಕೊಟ್ಟಿತು, ಅದನ್ನು ಅಲ್ಲಗಳೆಯಲಾಗದು. ಆದರೆ ವರ್ಷವಿಡೀ ಹೊಲ ತುಂಬಿ ನಿಲ್ಲುವ ಕಬ್ಬಿನಲ್ಲಿ ಅಕ್ಕಡಿಗೆ ಜಾಗವಿಲ್ಲ, ಕಳೆನಾಶಕ ಬಿದ್ದಲ್ಲಿ ಹಕ್ಕರಕಿಯೂ ಇಲ್ಲ. ಪುಕ್ಕಟೆಯಾಗಿ ಸಿಗುತ್ತಿದ್ದ ಕಾಳು ಸೊಪ್ಪನ್ನು ಸಂತೆಯಲ್ಲಿ ಕೊಳ್ಳಬೇಕಾಯಿತು. ಪಡಿತರದ ಅಕ್ಕಿ, 2013ರಿಂದ ಅನ್ನಭಾಗ್ಯ, ಹಸಿವನ್ನು ದೂರ ಇಟ್ಟವು. ಅದು ಸಣ್ಣ ಸಾಧನೆಯಲ್ಲ. ಆದರೆ ಪಾಲಿಶ್ ಮಾಡಿದ ಅಕ್ಕಿಯ ಅನ್ನ, ತೆಳು ಸಾರು, ದಿನಕ್ಕೆ ನಾಲ್ಕಾರು ಸಲ ಸಕ್ಕರೆ ಚಹಾ, ಅಂಗಡಿಯ ಮಿರ್ಚಿ ಭಜಿ ಸೇರಿದಾಗ ಗಂಗಾಳ ಮತ್ತೆ ಒಂಟಿಯಾಯಿತು. ಈ ಸಲ ಕಾಣಿಸಿಕೊಂಡದ್ದು ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬೊಜ್ಜು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ ದೇಶದಲ್ಲಿ ಮಧುಮೇಹಿಗಳು 10 ಕೋಟಿ ದಾಟಿದ್ದಾರೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿ, ದಿನದ ಶಕ್ತಿಯಲ್ಲಿ ಧಾನ್ಯದ ಪಾಲು ಶೇ. 45 ಮೀರಬಾರದು, ಉಳಿದದ್ದು ಕಾಳು, ತರಕಾರಿ, ಹಣ್ಣು, ಹಾಲು, ಎಣ್ಣೆಬೀಜಗಳಿಂದ ಬರಬೇಕು ಎನ್ನುತ್ತದೆ. ಕಾಳುಪಲ್ಯ, ಹಿಂಡಿ, ಹಸಿ ತೊಪ್ಪಲು, ಮಜ್ಜಿಗೆ ಇರುವ ರೊಟ್ಟಿಯೂಟವನ್ನು ಆ ಅಳತೆಗೆ ತರಲು ರೊಟ್ಟಿ ಒಂದೆರಡು ಕಡಿಮೆ ಮಾಡಿ ಪಲ್ಯ ಹೆಚ್ಚಿಸಿದರೆ ಬಹುಮಟ್ಟಿಗೆ ಆದೀತು. ಹಳೆಯ ಊಟದಲ್ಲೂ ಕೊರತೆಗಳಿದ್ದವು. ಹಣ್ಣು ಅಪರೂಪ. ಉಪ್ಪಿನಕಾಯಿ, ರಂಜಕ, ಹಪ್ಪಳಗಳಿಂದ ಉಪ್ಪು ಹೆಚ್ಚು. ದಿನಕ್ಕೆ 5 ಗ್ರಾಂ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಜೋಳದಲ್ಲಿರುವ ಫೈಟೇಟ್ ಕಬ್ಬಿಣಾಂಶವನ್ನು ಹಿಡಿದಿಟ್ಟುಕೊಂಡು ರಕ್ತಕ್ಕೆ ಸಲೀಸಾಗಿ ಸೇರಗೊಡುವುದಿಲ್ಲ. ಕಾಳನ್ನು ಮೊಳಕೆ ಬರಿಸಿ ಬಳಸಿದರೆ ಅದರಲ್ಲಿನ ಫೈಟೇಟ್ ಇಳಿಯುತ್ತದೆ, ಪಲ್ಯಕ್ಕೆ ಲಿಂಬೆ ಹಿಂಡಿದರೆ ಕಬ್ಬಿಣಾಂಶ ಚೆನ್ನಾಗಿ ಹತ್ತುತ್ತದೆ, ಊಟವಾದ ಕೂಡಲೇ ಕುಡಿಯುವ ಚಹಾ ಅದನ್ನು ಮತ್ತೆ ತಡೆಯುತ್ತದೆ. ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವ ಹೆಂಗಸರ ಪಾಲಿಗೆ ಕಾಳುಪಲ್ಯ ಉಳಿಯುತ್ತಿದ್ದದ್ದೇ ಕಡಿಮೆ. ರಕ್ತಹೀನತೆ ಇಂದಿಗೂ ಅವರನ್ನೇ ಹೆಚ್ಚಾಗಿ ಕಾಡುವುದಕ್ಕೆ ಈ ಪದ್ಧತಿಯೂ ಒಂದು ಕಾರಣ.