ಜತ್ತ ತಾಲೂಕಿನ ಕಾಲೇಜು ವಿದ್ಯಾರ್ಥಿಗಳು: ಕನ್ನಡದ ಓದಿಗೆ ಪುಸ್ತಕ ಯಾವುದು, ಮೊಬೈಲ್ ಯಾವುದಕ್ಕೆ?

ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಉಮದಿ, ಸಂಖ, ಗುಡ್ಡಾಪುರ ಸುತ್ತಲಿನ ಅನೇಕ ಊರುಗಳಲ್ಲಿ ಮನೆಮಾತು ಕನ್ನಡ. ಇಲ್ಲಿಯ ಕನ್ನಡ ಶಾಲೆಗಳಿಗೆ ಪಠ್ಯಪುಸ್ತಕ ಬರುವುದು ಪುಣೆಯಿಂದ, 1967ರಲ್ಲಿ ಆರಂಭವಾದ ಬಾಲಭಾರತಿಯಿಂದ. ಹತ್ತನೆಯ ತರಗತಿಯವರೆಗೆ ವಿಜ್ಞಾನ, ಇತಿಹಾಸ, ಗಣಿತ ಎಲ್ಲವೂ ಕನ್ನಡದಲ್ಲಿ ಸಿಗುತ್ತವೆ. ಅವುಗಳ ಪಿಡಿಎಫ್ ಕೂಡ ಉಚಿತ.

ತೊಡಕು ಆಮೇಲಿನದು. ಕಾಲೇಜಿನ ಪಾಠ ಬಹುಮಟ್ಟಿಗೆ ಮರಾಠಿ ಇಲ್ಲವೇ ಇಂಗ್ಲಿಷಿನಲ್ಲಿ. ಜಿಲ್ಲೆಯ ಕಾಲೇಜುಗಳು 1962ರಲ್ಲಿ ಸ್ಥಾಪನೆಯಾದ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯಕ್ಕೆ ಸೇರಿವೆ. ಕನ್ನಡ ಪುಸ್ತಕ ಬೇಕಾದರೆ ಹತ್ತಿರದ ದೊಡ್ಡ ಪೇಟೆ ವಿಜಯಪುರ. ಪರೀಕ್ಷೆ ಒಂದು ದಿಕ್ಕಿಗೆ, ಪುಸ್ತಕ ಇನ್ನೊಂದು ದಿಕ್ಕಿಗೆ. ಈ ನಡುವಿನ ಅಂತರದಲ್ಲಿಯೇ ಎಷ್ಟೋ ಮಕ್ಕಳ ಕನ್ನಡದ ಓದು ನಿಂತುಹೋಗುತ್ತದೆ.

ಮುದ್ರಿತ ಪುಸ್ತಕ

ಪಠ್ಯಕ್ರಮದಲ್ಲಿ ಹೆಸರಿಸಿದ ಕೃತಿಯನ್ನು ಅಚ್ಚಿನಲ್ಲಿಯೇ ಓದುವುದು ಒಳ್ಳೆಯದು. ಪಠ್ಯಕ್ರಮ ಬದಲಾಗುತ್ತಿರುತ್ತದೆ, ಆದ್ದರಿಂದ ಹಳೆಯ ಗೈಡ್ ಕೊಳ್ಳುವ ಮೊದಲು ವಿಶ್ವವಿದ್ಯಾಲಯದ ಜಾಲತಾಣದಲ್ಲಿರುವ ಈ ವರ್ಷದ ಪಠ್ಯಕ್ರಮ ನೋಡಿಕೊಳ್ಳಿ. ಹತ್ತನೆಯ ತರಗತಿಯ ಕನ್ನಡ ಪುಸ್ತಕಗಳನ್ನು ರದ್ದಿಗೆ ಹಾಕಬೇಡಿ. ಮರಾಠಿಯ ‘ಲೋಕಶಾಹಿ’ ನಮ್ಮ ‘ಪ್ರಜಾಪ್ರಭುತ್ವ’. ‘ರಾಜ್ಯಘಟನಾ’ ನಮ್ಮ ‘ಸಂವಿಧಾನ’, ನಮ್ಮ ‘ಘಟನೆ’ ಅಲ್ಲ. ಒಂದು ವಹಿಯಲ್ಲಿ ಕನ್ನಡ, ಮರಾಠಿ, ಇಂಗ್ಲಿಷ್ ಎಂದು ಮೂರು ಸಾಲು ಮಾಡಿ ಪಾರಿಭಾಷಿಕ ಪದಗಳನ್ನು ಬರೆದುಕೊಂಡರೆ ಮೊದಲ ವರ್ಷದ ಅರ್ಧ ಭಾರ ಇಳಿಯುತ್ತದೆ.

ಡಿಜಿಟಲ್ ಸಾಮಗ್ರಿ

- ಭಾರತವಾಣಿ: ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಯೋಜನೆ. ನಿಘಂಟುಗಳಿಗಾಗಿ ಮೊದಲು ಇಲ್ಲಿ ನೋಡಬೇಕು.
- ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ: ಖರಗ್‌ಪುರದ ಐಐಟಿ ನಡೆಸುತ್ತದೆ, 2018ರಲ್ಲಿ ಎಲ್ಲರಿಗೂ ತೆರೆಯಿತು.
- ಶೋಧಗಂಗಾ: ಪಿಎಚ್‌ಡಿ ಪ್ರಬಂಧಗಳ ಭಂಡಾರ. ಕನ್ನಡದಲ್ಲಿ ಬರೆದವೂ ಇವೆ. ಎಂ.ಎ. ವಿದ್ಯಾರ್ಥಿಗಳಿಗೆ ಪ್ರಬಂಧದ ಕೊನೆಯ ಗ್ರಂಥಸೂಚಿಯೇ ದೊಡ್ಡ ಆಸ್ತಿ.
- ಇಂಟರ್ನೆಟ್ ಆರ್ಕೈವ್: ಹಳೆಯ ಪುಸ್ತಕಗಳ ಸ್ಕ್ಯಾನ್ ಪ್ರತಿಗಳು. 1894ರ ಕಿಟ್ಟೆಲ್ ನಿಘಂಟು ಇಲ್ಲಿದೆ.

ಹುಡುಕಿದರೂ ಸಿಗದಿದ್ದರೆ

‘ಕನ್ನಡದಲ್ಲಿ ಏನೂ ಇಲ್ಲ’ ಎಂದು ವಿದ್ಯಾರ್ಥಿಗಳು ಹೇಳುವುದುಂಟು. ಹಲವು ಸಲ ಪುಸ್ತಕ ಇರುತ್ತದೆ, ಹುಡುಕಾಟಕ್ಕೆ ಸಿಗುವುದಿಲ್ಲ ಅಷ್ಟೆ. ಸ್ಕ್ಯಾನ್ ಮಾಡಿದ ಪುಟ ಒಂದು ಚಿತ್ರ. ಅದರೊಳಗಿನ ಪದವನ್ನು ಯಂತ್ರ ತಾನಾಗಿ ಓದಲಾರದು. ಯೂನಿಕೋಡ್ ಬರುವ ಮುಂಚಿನ ನುಡಿ, ಬರಹ, ಶ್ರೀಲಿಪಿ ಅಕ್ಷರಗಳಲ್ಲಿ ಮಾಡಿದ ಪಿಡಿಎಫ್‌ನಿಂದ ಒಂದು ಸಾಲು ನಕಲು ಮಾಡಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಅಂಥಲ್ಲಿ ಕೃತಿಯ ಮತ್ತು ಲೇಖಕರ ಹೆಸರನ್ನು ಕನ್ನಡ ಲಿಪಿಯಲ್ಲಿ ಒಮ್ಮೆ, ಇಂಗ್ಲಿಷ್ ಲಿಪಿಯಲ್ಲಿ ಎರಡು ಮೂರು ಬಗೆಯ ಕಾಗುಣಿತದಲ್ಲಿ ಹುಡುಕಿ. ಸಿಕ್ಕ ಮೇಲೆ ಪ್ರಕಾಶಕರು, ವರ್ಷ, ಪುಟಸಂಖ್ಯೆ ಬರೆದಿಟ್ಟುಕೊಳ್ಳಿ.

ಹಂಚಿಕೊಳ್ಳುವ ಮುನ್ನ

ಭಾರತದಲ್ಲಿ ಲೇಖಕರು ತೀರಿಕೊಂಡ ವರ್ಷ ಮುಗಿದ ಮೇಲೆ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. ನಮ್ಮ ನೆರೆಯ ಹಲಸಂಗಿಯ ಮಧುರಚೆನ್ನರು 1953ರಲ್ಲಿ, ವಿಜಯಪುರದಲ್ಲಿ ವಚನಗಳನ್ನು ಸಂಗ್ರಹಿಸಿ ಅಚ್ಚು ಹಾಕಿದ ಫ.ಗು. ಹಳಕಟ್ಟಿಯವರು 1964ರಲ್ಲಿ ತೀರಿಕೊಂಡರು. ಇವರ ಬದುಕಿನ ಕಾಲದಲ್ಲಿ ಪ್ರಕಟವಾದ ಬರಹಗಳು ಈಗ ಎಲ್ಲರ ಸೊತ್ತು. ಬೇಂದ್ರೆಯವರದು (ನಿಧನ 1981) ಹಾಗಲ್ಲ. 2041ರ ಕೊನೆಯವರೆಗೆ ಹಕ್ಕು ಇದೆ. ವಾಟ್ಸಾಪ್ ಗುಂಪಿನಲ್ಲಿ ಇಡೀ ಪುಸ್ತಕದ ಪಿಡಿಎಫ್ ಹಾಕುವ ಮೊದಲು ಇದು ನೆನಪಿರಲಿ.

ಸದಸ್ಯರಿಗೆ

ಮೊಬೈಲ್ ಪುಸ್ತಕದ ಜಾಗ ತುಂಬಲಾರದು. ಪುಸ್ತಕ ಬಾರದ ಊರಿಗೆ ದಾರಿಯನ್ನಂತೂ ತೆರೆಯುತ್ತದೆ. ಆ ದಾರಿ ತೋರಿಸುವವರು ಬೇಕು. ನಿಮ್ಮೂರಿನಿಂದ ಈ ವರ್ಷ ಕಾಲೇಜು ಸೇರಿದ ಒಬ್ಬ ವಿದ್ಯಾರ್ಥಿಯ ಜೊತೆ ಅರ್ಧ ಗಂಟೆ ಕುಳಿತು ಈ ತಾಣಗಳನ್ನು ತೆರೆದು ತೋರಿಸಿ. ವಿಜಯಪುರಕ್ಕೆ ಹೋಗುವವರಿದ್ದರೆ, ಯಾವ ಪುಸ್ತಕ ಬೇಕೆಂದು ಆ ಹುಡುಗ ಹುಡುಗಿಯರನ್ನು ಕೇಳಿಕೊಂಡು ಹೊರಡಿ.