ಪೇಟ ಕಟ್ಟಿದ ಮಾಲೀಕರು

ಕಾಫಿ ಹೌಸ್ ಸೇರುವ ಮೊದಲು ನಾನು ಮೆಜೆಸ್ಟಿಕ್ ಕಡೆ ಒಂದು ಹೋಟೆಲಿನಲ್ಲಿ ಕ್ಲೀನರ್ ಆಗಿದ್ದೆ. ಸಂಬಳ ಕೇಳಿದರೆ "ಊಟ ಹಾಕ್ತಿಲ್ವೇನೋ" ಅನ್ನುತ್ತಿದ್ದರು. ಲೋಟ ಒಡೆದರೆ ಅದರ ದುಡ್ಡು ಮುರಿದುಕೊಳ್ಳುತ್ತಿದ್ದರು. ಎಪ್ಪತ್ತರ ದಶಕದಲ್ಲಿ ಎಂ.ಜಿ. ರೋಡಿನ ಇಂಡಿಯನ್ ಕಾಫಿ ಹೌಸಿಗೆ ಬಂದಾಗಲೂ ಕೆಲಸ ಅದೇ, ನೆಲ ಒರೆಸುವುದು, ಕಪ್ಪು ತೊಳೆಯುವುದು. ಇಲ್ಲಿ ಮಾಲೀಕರು ಯಾರು ಅಂತ ಕೇಳಿದ್ದಕ್ಕೆ ಹಿರಿಯ ಬೇರರ್ ಒಬ್ಬರು, "ಷೇರು ತಗೊಂಡ್ಮೇಲೆ ನೀನೂ ಒಬ್ಬ" ಅಂದು ಟ್ರೇ ಎತ್ತಿಕೊಂಡು ಹೋದರು.

ಅವರು ಕಾಫಿ ಬೋರ್ಡಿನ ಕಾಲ ಕಂಡವರು. ನಮ್ಮ ತೋಟಗಳ ಕಾಫಿ ನಮ್ಮಲ್ಲೇ ಖರ್ಚಾಗಲಿ ಅಂತ ಕಾಫಿ ಸೆಸ್ ಕಮಿಟಿ 1936ರಲ್ಲಿ ಮುಂಬೈಯ ಚರ್ಚ್‌ಗೇಟಿನಲ್ಲಿ ಮೊದಲ ಕಾಫಿ ಹೌಸ್ ತೆರೆಯಿತು. ಐವತ್ತರ ದಶಕದ ನಡುವೆ ಕಾಫಿ ಬೋರ್ಡು ತನ್ನ ಕೈಗೆ ಬಂದಿದ್ದ ಇಂಥ ಕಾಫಿ ಹೌಸುಗಳನ್ನೆಲ್ಲ ಮುಚ್ಚಲು ಹೊರಟಾಗ, ನೀವೇ ಕೂಡಿ ನಡೆಸಿ ಅಂತ ಕೆಲಸಗಾರರಿಗೆ ಹೇಳಿದವರು ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್. ತಟ್ಟೆ ಎತ್ತುವವರು ಲೆಕ್ಕ ಬರೆಯುವುದುಂಟೇ ಅಂತ ನಕ್ಕವರೂ ಇದ್ದಿರಬೇಕು. 1957ರ ಆಗಸ್ಟ್ 19ರಂದು ಬೆಂಗಳೂರಿನಲ್ಲೇ ಮೊದಲ ಸಹಕಾರ ಸಂಘ ಹುಟ್ಟಿತು. ಅಕ್ಟೋಬರಿನಲ್ಲಿ ದೆಹಲಿಯವರು ತಮ್ಮ ಕಾಫಿ ಹೌಸ್ ತೆರೆದರು. ಎಂ.ಜಿ. ರೋಡಿನದು 1959ರದ್ದು.

ಬೇರರ್‌ಗಳಿಗೆ ಬಿಳಿ ಕೋಟು, ಸೊಂಟಕ್ಕೆ ಬಣ್ಣದ ಪಟ್ಟಿ, ತಲೆಗೆ ತುರಾಯಿಯ ಪೇಟ. ದೊರೆಗಳ ಕಾಲದ ಈ ವೇಷ ಇನ್ನೂ ಯಾಕೆ ಅಂತ ಗಿರಾಕಿಗಳು ಕೇಳುವುದುಂಟು. ತುರಾಯಿಗೆ ಗಂಜಿ ದಪ್ಪಗೆ ಹಾಕಬೇಕು, ಅರೆ ಒದ್ದೆ ಇರುವಾಗಲೇ ನೆರಿಗೆ ಹಿಡಿದು ಇಸ್ತ್ರಿ ಒತ್ತಬೇಕು. ಗಂಜಿ ತೆಳುವಾದರೆ ಮಧ್ಯಾಹ್ನದ ಹೊತ್ತಿಗೆ ಜೋತು ಬೀಳುತ್ತದೆ. ಬೇರರ್ ಆದ ದಿನ ನನಗೆ ಅದನ್ನು ಕಟ್ಟಿಕೊಟ್ಟವರು ಆಗಿನ ಮ್ಯಾನೇಜರ್. ಅವರೂ ಕಪ್ಪು ತೊಳೆದೇ ಮೇಲೆ ಬಂದವರು. ಹಾಗಾಗಿ ಅದು ನನಗೆ ಆಳಿನ ವೇಷ ಅನ್ನಿಸಲೇ ಇಲ್ಲ.

ಸಂಬಳವೇನೂ ಭಾರಿ ಅಲ್ಲ. ಆದರೆ ಪಿ.ಎಫ್. ಇತ್ತು, ಬೋನಸ್ ಇತ್ತು, ಬೆಳಗಾಗೆದ್ದು "ನಾಳೆಯಿಂದ ಬರಬೇಡ" ಅನ್ನುವ ಧಣಿ ಇರಲಿಲ್ಲ. ಒಂದು ಕಾಫಿಗೆ ಮೂರು ಗಂಟೆ ಕೂತು ಹರಟುವವರನ್ನು ನಾವು ಎಬ್ಬಿಸುತ್ತಿರಲಿಲ್ಲ. ಎಬ್ಬಿಸು ಅಂತ ಗಲ್ಲಾದಿಂದ ಕಣ್ಣು ಬಿಡುವವರೇ ಇಲ್ಲವಲ್ಲ! ಬೇರೆ ಹೋಟೆಲಿನವರು ಇದನ್ನು ಸೋಮಾರಿತನ ಅನ್ನುತ್ತಿದ್ದರು. ಅದರಲ್ಲಿ ಅರ್ಧ ನಿಜ. ಸಂಘದ ಸದಸ್ಯರೆಲ್ಲ ಸೇರುವ ಜನರಲ್ ಬಾಡಿಯಲ್ಲಿ ಮಾತ್ರ ಸೋಮಾರಿತನ ಇರುತ್ತಿರಲಿಲ್ಲ. ಮಸಾಲೆ ದೋಸೆಗೆ ನಾಲ್ಕಾಣೆ ಏರಿಸುವ ಮಾತು ಬಂದರೆ ಮಧ್ಯಾಹ್ನವೆಲ್ಲ ಜಗಳ. ಅಡುಗೆಯವರು ಒಂದು ಕಡೆ, ಬೇರರ್‌ಗಳು ಒಂದು ಕಡೆ. ಗಿರಾಕಿಯ ಮುಖ ನೋಡಬೇಕಾದವರು ನಾವು ತಾನೇ.

ಇಷ್ಟಾದರೂ ಕಟ್ಟಡ ನಮ್ಮದಾಗಿರಲಿಲ್ಲ. 2009ರಲ್ಲಿ ಎಂ.ಜಿ. ರೋಡು ಬಿಟ್ಟು ಚರ್ಚ್ ಸ್ಟ್ರೀಟಿಗೆ ಹೋಗಬೇಕಾಯಿತು. ನಾನಾಗಲೇ ನಿವೃತ್ತ. ಮೊನ್ನೆ ಅಲ್ಲಿ ಕೂತು, ಈ ರೇಟಿನಲ್ಲಿ ಹೇಗಯ್ಯಾ ನಡೆಸ್ತೀರಿ, ಸ್ವಲ್ಪ ಏರಿಸಿ ಅಂದೆ. ಬಿಲ್ ತಂದ ಹುಡುಗ ನಕ್ಕ. "ಅದನ್ನ ಜನರಲ್ ಬಾಡೀಲಿ ಹೇಳ್ಬೇಕು ಸಾರ್. ನಿಮ್ಮ ಷೇರು ವಾಪಸ್ ಆಗಿದೆಯಲ್ಲ."